ಸಿಂಧನೂರಿಗೆ ತುಂಡು ತುಂಡಾಗಿ ಬಂದ ಸಾಫ್ಟ್‌ವೇರು

ಕೆಲವರಿಗೆ ನಗೆಪಾಟಲಾಗುವ ಯೋಗ ಎಂದೋ ಒಮ್ಮೆ ಬರುತ್ತದೆ. ನನಗೆ ಅದು ಸಂಬಳದ ಹಾಗೆ ಬರುತ್ತಿತ್ತು. ಸಂಬಳವಾದರೂ ಒಂದೊಂದು ತಿಂಗಳು ತಡವಾಗುತ್ತಿತ್ತು, ಇದು ಎಂದೂ ತಡವಾಗಲಿಲ್ಲ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ನಮ್ಮದು ಮೈಸೂರಿನ ಒಂದು ಪುಟ್ಟ ಸಾಫ್ಟ್‌ವೇರ್ ಕಂಪನಿ. ಬಾಸ್, ನಾನು, ನನ್ನಂಥವರು ಇನ್ನಿಬ್ಬರು, ಅಷ್ಟೇ. ಸಿಂಧನೂರು, ಲಿಂಗಸುಗೂರು, ಮಸ್ಕಿ ಮೂರೂ ಕಡೆ ಬೀಜ-ಗೊಬ್ಬರದ ಅಂಗಡಿ ಇಟ್ಟಿದ್ದ ಸಾಹುಕಾರರೊಬ್ಬರು ತಮ್ಮ ಅಂಗಡಿಗಳಿಗೆಲ್ಲ ಕಂಪ್ಯೂಟರ್ ಹಾಕಿಸುವ ಮನಸ್ಸು ಮಾಡಿದರು. ಬಿಲ್ಲು, ಮಾಲು, ಗೋದಾಮು ಎಲ್ಲ ಅದರೊಳಗೇ ಆಗಬೇಕು. ಯಾರೋ ನೆಂಟರ ಮಾತಿನ ಮೇಲೆ ಆ ಕೆಲಸ ನಮಗೆ ಸಿಕ್ಕಿತು.

ಎಣ್ಣಿ

ಆ ಕಾಲಕ್ಕೆ ಸಾಫ್ಟ್‌ವೇರ್ ಮಾಡುವುದಕ್ಕೊಂದು ಶಾಸ್ತ್ರವಿತ್ತು. ಮೊದಲು ಗಿರಾಕಿಯನ್ನು ಕೂರಿಸಿಕೊಂಡು ಏನೇನು ಬೇಕೆಂದು ಕೇಳಬೇಕು. ಹೇಳಿದ್ದನ್ನೆಲ್ಲ ಒಂದು ದಪ್ಪ ಪುಸ್ತಕ ಮಾಡಿ ಸಹಿ ಹಾಕಿಸಿಕೊಳ್ಳಬೇಕು. ಆಮೇಲೆ ತಿಂಗಳುಗಟ್ಟಲೆ ಬಾಗಿಲು ಹಾಕಿಕೊಂಡು ಬರೆಯಬೇಕು. ಪೂರ್ತಿ ಮುಗಿದ ಮೇಲೆ ಒಂದೇ ಸಲ ತೋರಿಸಬೇಕು. ನಡುವೆ ಗಿರಾಕಿಯ ಮುಖ ನೋಡುವ ಪದ್ಧತಿ ಇಲ್ಲ.

ಬಾಸ್ ಒಂದು ದಿನದ ಮಟ್ಟಿಗೆ ಸಿಂಧನೂರಿಗೆ ಹೋಗಿ ಎಲ್ಲ ಕೇಳಿಕೊಂಡು ಬಂದರು. "ಏನೇನು ಮಾರ್ತೀರಿ?" ಅಂದಿದ್ದಾರೆ. "ಬೀಜ, ಗೊಬ್ಬರ, ಎಣ್ಣಿ" ಅಂದಿದ್ದಾರೆ ಸಾಹುಕಾರರು. ಬಾಸ್ ಬರೆದುಕೊಂಡರು. ನಾವು ಮೈಸೂರಿನಲ್ಲಿ ಕೂತು ಮಳೆಗಾಲ ಪೂರ್ತಿ ಅದನ್ನು ಕಟ್ಟಿದೆವು.

ಸಿಂಧನೂರಿನ ಅಂಗಡಿಯಲ್ಲಿ ತೋರಿಸುವ ದಿನ ಬಂತು. ಸಾಹುಕಾರರು, ಲಿಂಗಸುಗೂರಿನ ಅಂಗಡಿ ನೋಡಿಕೊಳ್ಳುವ ಅವರ ತಮ್ಮ, ಗುಮಾಸ್ತರು, ಹಮಾಲರು ಎಲ್ಲ ಕಂಪ್ಯೂಟರಿನ ಮುಂದೆ ನೆರೆದರು. ಬೀಜ ಬಂತು, ಗೊಬ್ಬರ ಬಂತು, ಎಲ್ಲರೂ ತಲೆದೂಗಿದರು. ಬಾಸ್ 'ಎಣ್ಣೆ' ಒತ್ತಿದರು. ಕಡಲೆಕಾಯಿ ಎಣ್ಣೆಯೋ, ಸೂರ್ಯಕಾಂತಿಯೋ, ಕೊಬ್ಬರಿ ಎಣ್ಣೆಯೋ ಎಂದು ಕಂಪ್ಯೂಟರ್ ಕೇಳಿತು. ಡಬ್ಬವೋ, ಪ್ಯಾಕೆಟ್ಟೋ ಎಂದೂ ಕೇಳಿತು.

ಸಾಹುಕಾರರು ಬಹಳ ಹೊತ್ತು ನೋಡಿ, ತಗ್ಗಿದ ದನಿಯಲ್ಲಿ ಕೇಳಿದರು: "ಸರ, ಭತ್ತಕ್ಕ ಹುಳ ಬಿದ್ದಾಗ ಇದನ್ನ ಹೊಡೀಬೇಕೇನ್ರಿ?"

ನಮ್ಮ ಕಡೆ ಬೆಳೆಗೆ 'ಔಷಧಿ' ಹೊಡೆಯುತ್ತಾರೆ. ಆ ಸೀಮೆಯಲ್ಲಿ ಅದಕ್ಕೇ 'ಎಣ್ಣಿ' ಎನ್ನುತ್ತಾರೆ ಎಂಬುದು ನಮಗೆ ತಿಳಿದದ್ದು ಆ ಗಳಿಗೆಯಲ್ಲಿ. ಬಾಸ್ ಸಹಿ ಹಾಕಿಸಿದ ಪುಸ್ತಕ ತೆಗೆದು, "ನೀವೇ ಎಣ್ಣೆ ಅಂದಿದ್ರಿ, ಸಹಿ ಇದೆ" ಎಂದು ತೋರಿಸಿದರು.

"ಸಹಿ ಐತ್ರಿ, ನಾ ಇಲ್ಲ ಅನ್ನಂಗಿಲ್ಲ" ಅಂದರು ಸಾಹುಕಾರರು. "ಆದ್ರ ಇದನ್ನ ಹೊಡದ್ರ ಹುಳ ಸಾಯಂಗಿಲ್ಲರೀ ಸರ, ಭಜಿ ಆಗತಾವ."

ವಾರಕ್ಕೊಂದು ಕಾಯಿ

ಬಾಸ್ ಮೈಸೂರಿಗೆ ಮರಳಿ ಒಂದು ವಾರ ಏನೇನೋ ಓದುತ್ತಾ ಕೂತರು. ಆಮೇಲೆ ಯಾವುದೋ ವಿದೇಶಿ ಪತ್ರಿಕೆ ಹಿಡಿದುಕೊಂಡು ಬಂದು, ಇನ್ನು ಮುಂದೆ ಪುಸ್ತಕ ಇಲ್ಲ, ಸಹಿ ಇಲ್ಲ ಎಂದು ಸಾರಿದರು. ಗಿರಾಕಿಯ ಊರಲ್ಲೇ ಕೂರಬೇಕು. ಚೂರು ಚೂರೇ ಮಾಡಬೇಕು. ವಾರವಾರ ತೋರಿಸಬೇಕು. ಬೇಡ ಅಂದದ್ದನ್ನು ಕಿತ್ತು ಮತ್ತೆ ಮಾಡಬೇಕು. ಈಗ ಇಂಥದ್ದಕ್ಕೆ 'ಅಜೈಲ್' ಎಂದು ಹೆಸರಿದೆ, ಕಲಿತವರಿಗೆ ಸರ್ಟಿಫಿಕೇಟೂ ಇದೆ. ಆಗ ನಮಗೆ ಗೊತ್ತಿದ್ದದ್ದು ಬಾಸ್‌ಗೆ ಏನೋ ಆಗಿದೆ ಎಂಬುದಷ್ಟೇ.

ಒಬ್ಬ ಸಹೋದ್ಯೋಗಿ ಲಿಂಗಸುಗೂರಿಗೆ ಹೋದ, ಇನ್ನೊಬ್ಬ ಮಸ್ಕಿಗೆ. ನನಗೆ ಸಿಂಧನೂರು. ಬಸ್ಸಿಳಿದಾಗ ಆ ಊರಿನಲ್ಲಿ ಸಾಹುಕಾರರನ್ನು ಬಿಟ್ಟರೆ ನನಗೆ ಪರಿಚಯವಿದ್ದದ್ದು ನನ್ನ ಟ್ರಂಕು ಒಂದೇ. ಹಗಲು ಅಂಗಡಿಯ ಹಿಂದಿನ ಕೋಣೆಯಲ್ಲಿ ಗೊಬ್ಬರದ ಚೀಲಗಳ ನಡುವೆ ಕೆಲಸ. ಮಧ್ಯಾಹ್ನ ಅಲ್ಲೇ ಒಬ್ಬಳೇ ಕೂತು ಡಬ್ಬಿ ಬಿಚ್ಚುತ್ತಿದ್ದೆ. ಸಂಜೆ ಬಸ್‌ಸ್ಟ್ಯಾಂಡಿಗೆ ನಡೆದುಹೋಗಿ ಬೆಂಗಳೂರು ಬಸ್ಸು ಹೊರಡುವುದನ್ನು ನೋಡಿ ಬರುತ್ತಿದ್ದೆ. ಕಂಡಕ್ಟರು ದಿನಾ "ಬರ್ತೀರೇನ್ರಿ?" ಎಂದು ಕೇಳುತ್ತಿದ್ದ. ಕೆಲವು ದಿನ ನನ್ನನ್ನು ಯಾರಾದರೂ ಏನಾದರೂ ಕೇಳಿದ್ದು ಅದೊಂದೇ.

ಮೊದಲ ವಾರ ಬರೀ ಬಿಲ್ಲಿನ ಪರದೆ ತೋರಿಸಿದೆ. ಸಾಹುಕಾರರು ಹಿಂದೆ ಮುಂದೆ ನೋಡಿ, "ಮಾಲು ಎಲ್ಲೈತ್ರಿ?" ಅಂದರು.

"ಅದು ಮುಂದಿನ ವಾರ ಬರುತ್ತೆ."

"ಬರೇ ಬಾಗಲಾ ತಂದು ನಿಲ್ಲಿಸಿ ಮನಿ ಆತು ಅಂತೀರಲ್ರೀ ಮೇಡಂ!"

"ಗೋಡೆಯೂ ಬರುತ್ತೆ ಸಾರ್."

"ಗ್ವಾಡಿ ಬರೂತನಾ ಈ ಬಾಗಲಾ ಯಾರಿಗೆ ಹಾಕ್ಕೊಂಡು ಕುಂದರ್ಲಿ?"

ಆದರೂ ಒಪ್ಪಿದರು. ಒಪ್ಪಿದ ಮೇಲೆ ಅವರ ತಾಯಿ ಬಂದರು. ಹೊಸದು ಏನೇ ಅಂಗಡಿಗೆ ಬಂದರೂ ಪೂಜೆಯಿಲ್ಲದೆ ಮುಟ್ಟುವಂತಿಲ್ಲ. ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿ, ಕಂಪ್ಯೂಟರಿನ ಮುಂದೆ ಕಾಯಿ ಒಡೆದರು. ಮುಂದಿನ ವಾರ ಮಾಲಿನ ಪರದೆ ಬಂತು. ಅದೂ ಹೊಸದೇ. ಮತ್ತೆ ಕಾಯಿ. ಅದರ ಮುಂದಿನ ವಾರ ಒಂದು ತಪ್ಪು ತಿದ್ದಿದೆ, ಅಷ್ಟೇ. "ತಪ್ಪು ತಿದ್ದೂದು ಇನ್ನಾ ದೊಡ್ಡ ಕೆಲಸ ಐತವ್ವಾ" ಎಂದು ಆ ತಾಯಿ ಎರಡು ಕಾಯಿ ಒಡೆದರು. ಕಾಯಿಯ ನೀರು ಕೀಬೋರ್ಡಿನೊಳಗೆ ಇಳಿಯಿತು. ಎಂಟರ್ ಕೀ ಒಳಗೇ ಅಂಟಿಕೊಂಡು, ಗೊರೇಬಾಳದ ಒಬ್ಬ ರೈತರಿಗೆ ಒಂದು ಚೀಲ ಯೂರಿಯಾಕ್ಕೆ ಪ್ರಿಂಟರಿನಿಂದ ಬಿಲ್ಲಿನ ಮೇಲೆ ಬಿಲ್ಲು ಬರತೊಡಗಿತು. ಅವರು ಕಾಗದದ ರಾಶಿಯನ್ನು ಎರಡು ಕೈಯಲ್ಲಿ ಹಿಡಿದು, "ಇಷ್ಟೂ ಚೀಲ ಸೈಕಲ್ ಮ್ಯಾಲ ಹೆಂಗ ಒಯ್ಯಲ್ರೀ?" ಎಂದು ಕೇಳಿದರು.

ಸಾಹುಕಾರರು ಬಾಸ್‌ಗೆ ಫೋನು ಹಚ್ಚಿದರು: "ಸರ, ನಿಮ್ಮ ಹಳೇ ಪದ್ಧತಿನೇ ಛಲೋ ಇತ್ರಿ. ತಪ್ಪಾಗಿದ್ರೂ ಒಂದ ಕಾಯಿದಾಗ ಮುಗೀತಿತ್ತು."

ನಿಂತು ಮಾತಾಡುವ ಮೀಟಿಂಗು

ಹೊಸ ಪದ್ಧತಿಯಲ್ಲಿ ದಿನಾ ಬೆಳಿಗ್ಗೆ ಎಲ್ಲರೂ ಸೇರಿ, ಕೂರದೆ, ನಿಂತೇ ಮೂರು ಪ್ರಶ್ನೆಗೆ ಉತ್ತರ ಹೇಳಬೇಕಿತ್ತು. ನಿನ್ನೆ ಏನು ಮಾಡಿದೆ? ಇವತ್ತು ಏನು ಮಾಡುತ್ತೀ? ಏನಾದರೂ ತೊಂದರೆ ಇದೆಯಾ? ನಾವು ಮೂವರು ಮೂರು ಊರಲ್ಲಿ. ಹಾಗಾಗಿ ಮೀಟಿಂಗು ಎಸ್‌ಟಿಡಿ ಬೂತಿನಲ್ಲಿ ನಡೆಯುತ್ತಿತ್ತು. ನಾನು ಮೊದಲು ಲಿಂಗಸುಗೂರಿಗೆ, ಆಮೇಲೆ ಮಸ್ಕಿಗೆ ಫೋನು ಮಾಡುವುದು, ಅವನು ಹೇಳಿದ್ದನ್ನು ಇವನಿಗೆ ಹೇಳುವುದು. ನಿಲ್ಲುವ ನಿಯಮ ಮಾತ್ರ ತಪ್ಪುತ್ತಿರಲಿಲ್ಲ, ಬೂತಿನಲ್ಲಿ ಕುರ್ಚಿ ಇರಲಿಲ್ಲ.

ಬೂತಿನವರು ಆರ್.ಎಚ್. ಕ್ಯಾಂಪಿನ ಬಂಗಾಲಿ; ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿಗೆ ಸರ್ಕಾರ ನೆಲೆ ಕೊಟ್ಟ ಊರು ಅದು. ಹುಟ್ಟಿದ್ದು ಬೆಳೆದದ್ದು ಅಲ್ಲೇ, ಸಿಂಧನೂರಿನ ಮಾತು ಅವರ ಬಾಯಲ್ಲಿ ಬೆಣ್ಣೆಯ ಹಾಗಿತ್ತು. ಪರಊರಿನವರ ಹಾಗೆ ಕನ್ನಡ ಆಡುತ್ತಿದ್ದವಳು ನಾನೇ.

ಲಿಂಗಸುಗೂರಿನಲ್ಲಿದ್ದ ಸಹೋದ್ಯೋಗಿಗೆ ಹಳೆಯ ಪುಸ್ತಕವೇ ವೇದ. ಯಾರು ಏನು ಬದಲಾಯಿಸಿ ಅಂದರೂ "ಬರೆದು ಸಹಿ ಹಾಕಿ ಕೊಡಿ" ಅನ್ನುತ್ತಿದ್ದ. ಸಾಹುಕಾರರ ತಮ್ಮ ದಿನಕ್ಕೊಂದು ಬದಲಾವಣೆಗೆ ಓದದೆಯೇ ಸಹಿ ಹಾಕುವವರು. ಕೊನೆಗೆ ಸಹೋದ್ಯೋಗಿಯೇ ಬೇಸತ್ತು, "ನಕ್ಷೆ ಇಲ್ಲದ ಮನೆಗೆ ನಾನು ಇಟ್ಟಿಗೆ ಇಡೋದಿಲ್ಲ" ಎಂದು ಹೇಳಿ ಕೆಲಸ ಬಿಟ್ಟ. ಸ್ವಲ್ಪ ದಿನಕ್ಕೆ ಮಸ್ಕಿಯವನೂ ಬೇರೆ ಕಡೆ ನೌಕರಿ ಸಿಕ್ಕಿ ಹೊರಟುಹೋದ.

ಮರುದಿನ ಬೆಳಿಗ್ಗೆ ರೂಢಿಯಂತೆ ಬೂತಿಗೆ ಹೋದೆ. ರಿಸೀವರ್ ಎತ್ತಿದ ಮೇಲೆ, ತಿರುಗಿಸಲು ಯಾವ ನಂಬರೂ ಉಳಿದಿಲ್ಲ ಎಂದು ಹೊಳೆಯಿತು. ಸುಮ್ಮನೆ ಹಿಡಿದುಕೊಂಡು ನಿಂತೆ. ಬೂತಿನವರು ನೋಡಿದರು.

"ಯಾರೂ ಇಲ್ಲೇನ್ರಿ ಮೇಡಂ?"

"ಇಲ್ಲ."

"ನಮ್ಮಪ್ಪ ಹಂಗೇ ಇದ್ದ ನೋಡ್ರಿ. ಕ್ಯಾಂಪಿಗೆ ಬಂದಾಗ ಇಲ್ಲಿನ ಒಬ್ಬರ ಮಾತೂ ತಿಳೀತಿದ್ದಿಲ್ಲಂತ. ಮುಂಜಾನೆದ್ದು ಜಾಲಿ ಗಿಡದ ಕೂಡ ಮಾತಾಡ್ತಿದ್ನಂತ." ಆಮೇಲೆ ಅವರು ತಾವೂ ಎದ್ದು ನಿಂತು, ಕೈಕಟ್ಟಿ, ನಾನು ದಿನಾ ಫೋನಿನಲ್ಲಿ ಕೇಳುತ್ತಿದ್ದದ್ದನ್ನೇ ಥೇಟ್ ನಮ್ಮ ಬಾಸ್‌ನಂತೆ ಕೇಳಿದರು: "ನಿನ್ನೆ ಏನು ಮಾಡಿದ್ರಿ?"

ನಾನು ರಿಸೀವರ್ ಕೆಳಗಿಟ್ಟೆ. "ಗೋದಾಮಿನ ಲೆಕ್ಕ ಮಾಡಿದೆ" ಅಂದೆ.

"ಇವತ್ತೇನು ಮಾಡ್ತೀರಿ?"

"ಅದನ್ನೇ ಮತ್ತೆ."

"ಏನರ ತೊಂದರಿ?"

"ಕರೆಂಟ್ ಇರಲ್ಲ."

"ಅದು ಎಲ್ಲಾರಿಗೂ ಐತ್ರಿ, ತೊಂದರ್ಯಾಗ ಹಿಡಿಯಂಗಿಲ್ಲ. ಮೀಟಿಂಗ್ ಮುಗೀತು, ಹಿಂದ ಗಿರಾಕಿ ನಿಂತಾರ, ಹೊರಗ ಬರ್ರಿ."

ಇಬ್ಬರು ಕೂತು ಮಾಡುವ ಕೆಲಸ

ಬಾಸ್‌ನ ಮುಂದಿನ ಅಪ್ಪಣೆ ಹೀಗಿತ್ತು. ಪ್ರೋಗ್ರಾಂ ಬರೆಯಲು ಒಬ್ಬರೇ ಕೂರಬಾರದು. ಇಬ್ಬರು ಜೊತೆಗೆ ಕೂತು, ಒಬ್ಬರು ಬರೆಯುತ್ತಾ ಜೋರಾಗಿ ಹೇಳಬೇಕು, ಇನ್ನೊಬ್ಬರು ಕೇಳಬೇಕು.

"ಸಾರ್, ಇಲ್ಲಿ ನಾನೊಬ್ಬಳೇ ಇದೀನಲ್ಲ?"

"ಇಬ್ಬರಿದ್ದೀರಿ ಅಂದ್ಕೊಂಡು ಮಾತಾಡಿ."

ಅಂಗಡಿಗೆ ರಜೆ ಇದ್ದ ದಿನ ಪ್ರಿಂಟ್ ತೆಗೆದ ಕಾಗದದ ಸುರುಳಿಯನ್ನು ನನ್ನ ಬಾಡಿಗೆ ಕೋಣೆಗೆ ಒಯ್ದು, ಗೋಡೆಗೆ ಮುಖ ಮಾಡಿ ಕೂತು ಶುರು ಮಾಡಿದೆ. "ಇಲ್ಲಿಂದ ಹೊರಟೆ. ಇಲ್ಲಿ ಬಂದೆ. ಈಗ ಎಲ್ಲಿಗೆ ಹೋಗಲಿ? ಹಾಂ, ಮತ್ತೆ ಅಲ್ಲಿಗೇ ಹೋಗಬೇಕು. ಅಲ್ಲಿ ಯಾರೂ ಇಲ್ಲದಿದ್ದರೆ?"

ಹೊರಗೆ ಮನೆಯೊಡತಿ ಕೇಳಿಸಿಕೊಂಡರು. ಒಬ್ಬಂಟಿ ಹೆಣ್ಣು, ಪರಊರಿನವಳು, ಬಾಗಿಲು ಹಾಕಿಕೊಂಡು ತಾನೇ ಕೇಳಿ ತಾನೇ ಉತ್ತರಿಸುತ್ತಿದ್ದಾಳೆ. ಸಂಜೆಗೆ ದರ್ಗಾದಿಂದ ಒಂದು ತಾಯಿತ ತಂದರು. ನನ್ನ ತೋಳು ಹಿಡಿದು ಕಟ್ಟುತ್ತಾ ಕೇಳಿದರು: "ಯಾವಾಗಿಂದ ಹಿಡಕೊಂಡೈತವ್ವಾ ಇದು?"

"ಕೆಲಸಕ್ಕೆ ಸೇರಿದಾಗಿನಿಂದ" ಅಂದೆ.

ಆಮೇಲೆ ಎಲ್ಲ ಬಿಡಿಸಿ ಹೇಳಿದೆ. ಅವರು ಗದ್ದಕ್ಕೆ ಕೈಹಚ್ಚಿ ಕೇಳಿ, "ಅಷ್ಟಕ್ಕ ಗ್ವಾಡಿ ಕೂಡ ಯಾಕ ಮಾತಾಡ್ತಿ? ನಾ ಇಲ್ಲೇನು?" ಎಂದು ಮೊರದಲ್ಲಿ ಜೋಳ ತಂದುಕೊಂಡು ನನ್ನ ಪಕ್ಕ ಹಸನು ಮಾಡುತ್ತಾ ಕೂತರು. ಮುಂದೆ ಪ್ರತಿ ರಜೆಗೂ ಕೂತರು. ಒಮ್ಮೊಮ್ಮೆ ಕೂತಲ್ಲೇ ತೂಕಡಿಸುತ್ತಿದ್ದರು. ಆಗಲೂ ನಾನು ನಿಲ್ಲಿಸದೆ ಹೇಳುತ್ತಲೇ ಇದ್ದೆ. ತೂಕಡಿಸುವ ಮನುಷ್ಯರಾದರೂ ಗೋಡೆಗಿಂತ ಮೇಲು.

ಒಂದು ದಿನ ಒಂದು ಕಡೆ ಸಿಕ್ಕಿಕೊಂಡೆ. "ಗೋದಾಮಿನಲ್ಲಿ ಮಾಲು ಸೊನ್ನೆ ಆಯಿತು ಅಂದ್ಕೊಳ್ಳಿ ಅಮ್ಮಾ. ಆಗ ಏನು ಮಾಡಬೇಕು?"

ಅವರು ಕಣ್ಣು ಬಿಡದೆಯೇ ಹೇಳಿದರು: "ಏನ್ ಮಾಡೂದೈತಿ? ಅಂಗಡಿ ಮುಚ್ಚಿ ಮನಿಗೆ ಬರೂದು."

ಮನಸ್ಸು ಬಿಚ್ಚಿ

ಬಿತ್ತನೆಯ ಹಂಗಾಮು ಹತ್ತಿರ ಬಂತು. ಸಾಹುಕಾರರಿಗೆ ಸಾಕಾಗಿತ್ತು. ಈ ತುಂಡು ತುಂಡು ಕೆಲಸ ಬೇಡ, ಕಂಪ್ಯೂಟರುಗಳನ್ನು ಗೋದಾಮಿಗೆ ಹಾಕಿಬಿಡುತ್ತೇನೆ ಎಂದು ಹೇಳಿ ಕಳಿಸಿದರು. ಬಾಸ್ ಓಡಿಬಂದರು. ಮಸ್ಕಿಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಕಡೆ ನೋಡುತ್ತಾ, "ಈ ಕೆಲಸ ಹೋದರೆ ಕಂಪನಿ ಮುಚ್ಚಬೇಕಾಗುತ್ತೆ" ಅಂದರು. ಅಷ್ಟು ಸಣ್ಣ ದನಿಯಲ್ಲಿ ಅವರು ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ.

ಮಸ್ಕಿ ಅಂಗಡಿಯಲ್ಲಿ ಮೂರೂ ಕಡೆಯವರನ್ನು ಸೇರಿಸಿದ್ದರು. ಬಾಸ್ ಗೋಡೆಗೆ ದೊಡ್ಡ ಹಾಳೆ ಅಂಟಿಸಿ, 'ಸುಧಾರಿಸಬೇಕಾದ್ದು' ಎಂದು ಬರೆದು ಹೇಳಿದರು: "ಹೊಸ ಪದ್ಧತಿಯಲ್ಲಿ ಯಾರದು ತಪ್ಪು ಅಂತ ಹುಡುಕೋದಿಲ್ಲ. ಎಲ್ಲರೂ ಮನಸ್ಸು ಬಿಚ್ಚಿ ಹೇಳಬೇಕು. ಯಾರೂ ಸಿಟ್ಟಾಗಬಾರದು."

"ನಾ ಸಿಟ್ಟಾಗಂಗಿಲ್ಲ" ಅಂದರು ಸಾಹುಕಾರರು. ಅವರು ಅಂದ ರೀತಿಗೆ ಎಲ್ಲರ ಬಾಯೂ ಮುಚ್ಚಿತು.

ಮಸ್ಕಿಯ ಮುದಿ ಗುಮಾಸ್ತರು ಮೆಲ್ಲಗೆ ಎದ್ದರು. "ಸಾವ್ಕಾರ್ರ, ಖರೇ ಹೇಳ್ಲೇನ್ರಿ?"

"ಹೇಳು."

"ನಿಮ್ಮ ತಂದಿಯವ್ರು ಕೊಡಸ್ತೀನಿ ಅಂದಿದ್ದ ಫ್ಯಾನು ಇನ್ನಾ ಬಂದಿಲ್ಲರೀ."

ಬಾಸ್, "ಅಲ್ಲ, ಇದು ಸಾಫ್ಟ್‌ವೇರ್ ಬಗ್ಗೆ..." ಅನ್ನುವಷ್ಟರಲ್ಲಿ ಕಟ್ಟೆ ಒಡೆದಿತ್ತು. ಚಹಾದಲ್ಲಿ ಹಾಲೇ ಇರುವುದಿಲ್ಲ ಎಂದರು ಹಮಾಲರು. ಅಂಗಡಿಯ ಬೋರ್ಡಿನ ಮೇಲೆ ಅಣ್ಣನ ಹೆಸರಿದೆ, ತನ್ನದಿಲ್ಲ ಎಂದರು ತಮ್ಮ. ಹೇಳುತ್ತಾ ಅವರ ಕಣ್ಣು ತುಂಬಿತು. ಕೊನೆಗೆ ಸಾಹುಕಾರರೇ ಎದ್ದು, "ನಂದೂ ಬರಕೋರಿ ಸರ. ನಾ ಬಂದ ಕೂಡ್ಲೇ ಎಲ್ಲಾರೂ ಸುಮ್ಮ ಆಗ್ತಾರ. ನನ್ನ ಕೂಡ ಯಾರೂ ನಕ್ಕೋತ ಮಾತಾಡಂಗಿಲ್ಲ" ಅಂದರು. ಬಾಸ್ ಪಾಪ, ಎಲ್ಲವನ್ನೂ ಹಾಳೆಯ ಮೇಲೆ ಬರೆದರು: ಫ್ಯಾನು, ಹಾಲು, ಬೋರ್ಡು, ನಗು.

ಸಾಹುಕಾರರು ಟವೆಲಿನಿಂದ ಮುಖ ಒರೆಸಿಕೊಂಡರು. "ಮನಸ್ಸು ಹಗರ ಆತ್ರಿ ಸರ. ಕಂಪ್ಯೂಟರ್ ಒಂದು ಮೂಲ್ಯಾಗ ಇದ್ರ ಇರಲಿ, ಈ ಮೀಟಿಂಗ್ ಮಾತ್ರ ತಿಂಗಳಾ ಬೇಕು." ಬಾಸ್ ಗೋಡೆಗೆ ಒರಗಿ ಉಸಿರು ಬಿಟ್ಟರು.

"ಮೇಡಂ, ನೀವೊಬ್ರ ಉಳದ್ರಿ. ಹೇಳ್ರಿ."

ಬಿಲ್ಲಿನ ವಿಷಯ ಹೇಳಬೇಕೆಂದು ಎದ್ದಿದ್ದೆ. ಬಾಯಿಂದ ಬಂದದ್ದೇ ಬೇರೆ. "ನಾನು ಬಂದು ಇಷ್ಟು ಕಾಲವಾಯಿತು. ಮೇಡಂ, ಮೇಡಂ ಅಂತೀರಿ. ನಿಮ್ಮಲ್ಲಿ ಒಬ್ಬರೂ ನನ್ನ ಹೆಸರು ಕೇಳಲಿಲ್ಲ."

ಗುಮಾಸ್ತರು ತಲೆ ತಗ್ಗಿಸಿದರು. ಸಾಹುಕಾರರು ಕುರ್ಚಿಯಿಂದ ಎದ್ದು ನನ್ನ ಮುಂದೆ ಬಂದು ನಿಂತರು. "ತಪ್ಪಾತವ್ವಾ. ದೊಡ್ಡ ತಪ್ಪಾತು. ಇವತ್ತಿನಿಂದ ಎಲ್ಲಾರೂ ನಿನ್ನ ಹೆಸರು ಹಿಡದೇ ಕರೀತೀವಿ, ನಾನೇ ಮೊದ್ಲ ಕರೀತೀನಿ. ಏನವ್ವಾ ನಿನ್ನ ಹೆಸರು?"

ಹೇಳಿದೆ.

ಸಾಹುಕಾರರ ಮುಖದ ಬಣ್ಣ ಹೋಯಿತು. "ಅಯ್ಯಯ್ಯ! ಅದು ನಮ್ಮನಿಯಾಕಿ ಹೆಸರು! ಲಗ್ನ ಆದಾಗಿಂದ ನಾ ಒಮ್ಮಿನೂ ಆ ಹೆಸರು ಹಿಡದು ಕರದಿಲ್ಲ. ಇನ್ನ ಅಂಗಡ್ಯಾಗ ಕುಂತು ಮುಂಜಾನಿಂದ ಸಂಜೀತನಾ ಅದನ್ನ ಒದರಿದ್ರ ನನ್ನ ಊಟ ಬಂದ್ ಆಗತೈತಿ. ಕೈ ಮುಗೀತೀನ್ರಿ, ನೀವು ಮೇಡಂ ಆಗೇ ಇರ್ರಿ!"

ಮೊದಲು ನಕ್ಕದ್ದು ಗುಮಾಸ್ತರು. ಆಮೇಲೆ ತಮ್ಮ, ಆಮೇಲೆ ಹಮಾಲರು. ಗೊಬ್ಬರದ ಚೀಲದ ಮೇಲೆ ಕುಸಿದು ಕೂತು ನಾನೂ ನಕ್ಕೆ, ಎಷ್ಟೋ ತಿಂಗಳ ಮೇಲೆ, ಹೊಟ್ಟೆ ನೋಯುವ ತನಕ. ಇದಾವುದಕ್ಕೂ ಕಿವಿಗೊಡದೆ ಬಾಸ್ ತಮ್ಮ ಪದ್ಧತಿಯಂತೆ ಹಾಳೆಯ ಕಡೆ ತಿರುಗಿ, 'ಸುಧಾರಿಸಬೇಕಾದ್ದು' ಎಂಬುದರ ಕೆಳಗೆ ನನ್ನ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆದರು.

ಸಾಹುಕಾರರು ಹಾರಿ ಅವರ ಕೈ ಹಿಡಿದರು: "ಮೊದ್ಲ ಅದನ್ನ ಅಳಸ್ರೀ ಸರ! ಸಂಜಿಗೆ ಆಕಿ ಇಲ್ಲಿಗೆ ಬರಾಕಿ ಅದಾಳ!"