ಮಾವನ ಮೆತ್ತನೆಯ ಬಿಲ್ಲೆಗಳು

ನಮ್ಮ ಸೋದರಮಾವನಿಗೆ ಮದುವೆಯಾಗಲಿಲ್ಲ. ಹೆಣ್ಣು ಸಿಗಲಿಲ್ಲ ಎಂದುಕೊಳ್ಳಬೇಡಿ. ಹಿರಿಯೂರು ಸೀಮೆಯಲ್ಲೇ ಆರೇಳು ಕಡೆ ಉಪ್ಪಿಟ್ಟು ತಿಂದು ಬಂದವರು! ಆದರೆ ಏನನ್ನಾದರೂ ಆರಿಸಲು ಕೂತರೆ ಬೇಗ ಮೇಲೇಳುವ ಜಾಯಮಾನ ಅವರದಲ್ಲ. "ಇನ್ನೊಂದ್ಸಲ ನೋಡಾಣ" ಎನ್ನುತ್ತಲೇ ಇದ್ದರು. ಅಷ್ಟರಲ್ಲಿ ಆ ಹೆಣ್ಣುಮಕ್ಕಳಿಗೆಲ್ಲ ಬೇರೆ ಕಡೆ ಮದುವೆಯಾಗಿ, ಅವರ ಮಕ್ಕಳು ಶಾಲೆಗೂ ಸೇರಿದವು. ಹೀಗೆ ಒಂಟಿಯಾಗಿ ಉಳಿದ ಮನುಷ್ಯ ಅರವತ್ತು ದಾಟಿದ ಮೇಲೆ ಆರಿಸಲು ಶುರುಮಾಡಿದ್ದು ಏನನ್ನು ಎನ್ನುತ್ತೀರಿ? ಸ್ಪಂಜನ್ನು!

ಪಾತ್ರೆ ತಿಕ್ಕುವ ಸ್ಪಂಜಲ್ಲ. ಕಾರಿನ ಬಣ್ಣಕ್ಕೆ ಹೊಳಪು ಕೊಡುವ ಪಾಲಿಶ್ ಮಷೀನಿನ ಮೂತಿಗೆ ಅಂಟಿಸುವ, ಅಂಗೈಯಗಲದ ದುಂಡನೆಯ ಫೋಮ್ ಪ್ಯಾಡು. ಮಾವ ಅದನ್ನು 'ಬಿಲ್ಲೆ' ಎನ್ನುತ್ತಾರೆ. ಅವರು ಮಾರಿಕಣಿವೆಯಲ್ಲಿ ನೀರಾವರಿ ಇಲಾಖೆಯ ಜೀಪು ಓಡಿಸಿ ನಿವೃತ್ತರಾದವರು. ಜೀಪಿನೊಳಗೆ ಕೂತ ಇಂಜಿನಿಯರುಗಳು ದಾರಿಯುದ್ದಕ್ಕೂ ಲೋಕದ ಮಾತೆಲ್ಲ ಆಡುತ್ತಿದ್ದರಂತೆ, ಇವರು ಸ್ಟಿಯರಿಂಗ್ ಹಿಡಿದು ಕೇಳಿಸಿಕೊಳ್ಳುತ್ತಿದ್ದರಂತೆ. ನಿವೃತ್ತಿಯಾದ ಮರುದಿನ ಹಿರಿಯೂರಿನ ಬಾಡಿಗೆ ಮನೆ ಎಷ್ಟು ನಿಶ್ಶಬ್ದವಾಗಿತ್ತೆಂದರೆ, ನಲ್ಲಿಯಿಂದ ನೀರು ತೊಟ್ಟಿಕ್ಕಿದ್ದಕ್ಕೆ "ಯಾರು?" ಎಂದು ಕೇಳಿದರಂತೆ! ಆಮೇಲೆ ಒಂದು ಪಾಲಿಶ್ ಮಷೀನು ತಂದರು. ಅದಾದರೂ ಸದ್ದು ಮಾಡುತ್ತದಲ್ಲ!

ಮಷೀನು ಒಂದೇ ದಿನದಲ್ಲಿ ಬಂತು. ಬಿಲ್ಲೆಗೆ ಮಾತ್ರ ಮೂರು ವಾರ ಹಿಡಿಯಿತು. ಬಿಲ್ಲೆಯಲ್ಲಿ ಗಟ್ಟಿಯದು, ನಡುವಿನದು, ಮೆತ್ತಗಿನದು ಎಂದು ಜಾತಿಗಳಿವೆ. ಗಟ್ಟಿಯದು ಗೀರುಗಳನ್ನು ಬೇಗ ತೆಗೆಯುತ್ತದೆ, ಜೊತೆಗೆ ಸ್ವಲ್ಪ ಬಣ್ಣವನ್ನೂ. ಮೆತ್ತಗಿನದು ನಿಧಾನ, ಆದರೆ ಹೊಳಪು ಕೊಡುತ್ತದೆ. ಇಷ್ಟು ತಿಳಿದರೆ ನಿಮಗೂ ನನಗೂ ಸಾಕು. ಮಾವನಿಗೆ ಸಾಕೇ?

"ಬಣ್ಣ ನೋಡಿ ತಗಂಡ್ರೆ ಆತು ಮಾವ, ಹಳದಿ ಗಟ್ಟಿ, ಕಪ್ಪು ಮೆತ್ತಗೆ" ಎಂದು ನಾನು ಎಲ್ಲೋ ಓದಿದ್ದನ್ನು ಹೇಳಿದ್ದೆ.

"ಬಣ್ಣ ನಂಬ್ಯಾಡ ಕಣವ್ವ. ಒಂದು ಕಂಪ್ನಿ ಹಳದಿ ಕಲ್ಲಿದ್ದಂಗೈತೆ, ಇನ್ನೊಂದು ಕಂಪ್ನಿ ಹಳದಿ ಬೆಣ್ಣೆ ಇದ್ದಂಗೈತೆ. ಕಣ್ಣಿಗೇನು ಗೊತ್ತಾಗ್ತೈತೆ? ಚರ್ಮಕ್ಕೆ ಕೇಳ್ಬೇಕು."

ಚರ್ಮಕ್ಕೆ ಹೇಗೆ ಕೇಳುತ್ತಾರೆಂದು ನೋಡಲು ಒಮ್ಮೆ ಅವರ ಜೊತೆ ವಾಹನದ ಬಿಡಿಭಾಗಗಳ ಅಂಗಡಿಗೆ ಹೋದೆ. ನೋಡಬಾರದಿತ್ತು! ಮಾವ ಒಂದೊಂದೇ ಬಿಲ್ಲೆಯನ್ನು ಎತ್ತಿ, ಕೆನ್ನೆಗೆ ಒತ್ತಿ, ಕಣ್ಣು ಮುಚ್ಚಿ, ನಿಧಾನವಾಗಿ ತಿರುಗಿಸುತ್ತಾರೆ. ಎಡಗೆನ್ನೆ ಆದ ಮೇಲೆ ಬಲಗೆನ್ನೆ. ಬಲಗೆನ್ನೆ ಆದ ಮೇಲೆ ಅನುಮಾನ ಬಂದರೆ ಮತ್ತೆ ಎಡಗೆನ್ನೆ. ಬ್ರೇಕ್ ವಯರು ಕೇಳಲು ಬಂದ ಹಳ್ಳಿಯವರೊಬ್ಬರು ಸ್ವಲ್ಪ ಹೊತ್ತು ನೋಡಿ, ಮರುಕದಿಂದ, "ಯಜಮಾನ್ರೆ, ಹಲ್ಲಿನ ಡಾಕ್ಟ್ರು ಬಸ್ ಸ್ಟ್ಯಾಂಡ್ ತಾವ ಅವ್ರೆ, ಅಲ್ಲಿಗೆ ಹೋಗ್ರಿ" ಎಂದರು.

ಅಂಗಡಿಯವನು ನಗಲಿಲ್ಲ. ಒಂದು ಸ್ಟೂಲು ಎಳೆದು, "ಕುಂತ್ಕಳ್ರಿ ಸಾರ್, ಚಾ ತರಿಸ್ತೀನಿ" ಎಂದ. ಆಮೇಲೆ ನನ್ನ ಕಡೆ ಬಗ್ಗಿ, "ಮೇಡಂ, ವಾರಕ್ಕೆ ಎಲ್ಡು ಸಲ ಬರ್ತಾರೆ. ತಗಳಾದು ಅಪ್ರೂಪ. ಬರ್ದಿದ್ರೆ ಮಾತ್ರ ನಮಗೇ ಒಂಥರಾ ಆಗ್ತೈತೆ" ಎಂದ. ಆ ಮಾತಿನಲ್ಲಿ ಏನೋ ಇತ್ತು. ನಾನು ಆಗ ಅದರ ಕಡೆ ಗಮನ ಕೊಡಲಿಲ್ಲ. ಗಂಟೆ ನೋಡಿಕೊಳ್ಳುತ್ತಿದ್ದೆ.

ಬಳಸಿದ ಬಿಲ್ಲೆಗಳನ್ನು ತೊಳೆದು ಹಗ್ಗಕ್ಕೆ ಕ್ಲಿಪ್ ಹಾಕಿ ಒಣಗಿಸುವುದು ಮಾವನ ಬೆಳಗಿನ ಕಾರ್ಯಕ್ರಮ. ಒಂದು ದಿನ ಓಣಿಯಲ್ಲಿ ಕುರಿಮಂದೆ ಹಾದುಹೋಯಿತು. ಮಂದೆಯಲ್ಲಿದ್ದ ಒಂದು ಮೇಕೆ ಕಾಂಪೌಂಡಿಗೆ ಮುಂಗಾಲು ಕೊಟ್ಟು ನಿಂತು, ಕಿತ್ತಳೆ ಬಣ್ಣದ ಬಿಲ್ಲೆಯೊಂದನ್ನು ಕಿತ್ತು ಅಗಿಯತೊಡಗಿತು! ಅದೂ ಎಂಥ ಬಿಲ್ಲೆ? ಮಾವನ ಎರಡೂ ಕೆನ್ನೆ ಒಪ್ಪಿಕೊಂಡಿದ್ದ ಬಿಲ್ಲೆ! ಬನಿಯನ್ನಿನಲ್ಲೇ ಓಡಿದ ಮಾವ ಕುರಿಗಾಹಿಯನ್ನು ಅಡ್ಡಗಟ್ಟಿದರು.

"ಏನಪ್ಪ, ನಿನ್ ಮೇಕೆ ನನ್ ಬಿಲ್ಲೆ ತಿಂತಲ್ಲೋ!"

"ತಿಂದಿರಾದು ನನ್ ಮೇಕೆ ಕಣ್ರಿ! ಹೊಟ್ಟೆ ಉಬ್ಬಿ ಸತ್ರೆ ಯಾರನ್ನ ಕೇಳ್ಲಿ ನಾನು?"

ಜಗಳವಾಡಲು ಹೋದ ಮಾವನಿಗೆ ಗಾಬರಿಯಾಯಿತು. ಮಂದೆ ಹರಿಯಬ್ಬೆ ಕಡೆಯ ಒಂದು ಹೊಲದಲ್ಲಿ ಬೀಡುಬಿಟ್ಟಿತ್ತು. ಮಾವ ಮರುದಿನ ಬಸ್ಸು ಹತ್ತಿ ಅಲ್ಲಿಗೆ ಹೋದರು, ಮೇಕೆಯ ಆರೋಗ್ಯ ವಿಚಾರಿಸಲು. ಅದರ ಮರುದಿನವೂ ಹೋದರು. ಮೇಕೆ ಮೊದಲಿಗಿಂತ ಚುರುಕಾಗಿ ಕುಣಿಯುತ್ತಿತ್ತು, ಮಾವ ಮಾತ್ರ ಎಂಟು ದಿನ ತಪ್ಪದೆ ಹೋದರು! "ನನಗೆ ಜ್ವರ ಬಂದಾಗ ಒಂದು ಫೋನಿನಲ್ಲಿ ಮುಗಿಸಿದ್ರಿ" ಎಂದು ನಾನು ಕೆಣಕಿದೆ. ಅವರು ನಕ್ಕರು. ಒಂಬತ್ತನೆಯ ದಿನ ಹೋದರೆ ಹೊಲ ಖಾಲಿಯಿತ್ತಂತೆ. ಮಂದೆ ಮುಂದಕ್ಕೆ ಹೊರಟುಹೋಗಿತ್ತು. "ಹಿಕ್ಕೆ ಬಿಟ್ರೆ ಏನೂ ಇರ್ಲಿಲ್ಲ ಕಣವ್ವ. ಸ್ವಲ್ಪ ಹೊತ್ತು ಕುಂತಿದ್ದು ಬಂದೆ" ಎಂದರು. ಯಾಕೆ ಕೂತಿದ್ದರೆಂದು ನಾನು ಕೇಳಲಿಲ್ಲ.

ಈಗ ನನ್ನ ಕಾರಿನ ವಿಷಯಕ್ಕೆ ಬರುತ್ತೇನೆ. ನಾನು ಚಿತ್ರದುರ್ಗದಲ್ಲಿ ಬ್ಯಾಂಕಿನ ನೌಕರಿ ಮಾಡಿಕೊಂಡು, ಒಂದು ಕೋಣೆಯ ಮನೆಯಲ್ಲಿ ಒಬ್ಬಳೇ ಇದ್ದೇನೆ. ಅಮ್ಮ ತೀರಿಕೊಂಡ ಮೇಲೆ ನನ್ನ ಕಡೆಯವರು ಎಂದು ಹತ್ತಿರದಲ್ಲಿ ಉಳಿದವರು ಮಾವ ಒಬ್ಬರೇ. ಹಳೆಯದೊಂದು ಕಡುನೀಲಿ ಕಾರು ಕೊಂಡೆ. ತೋರಿಸಲು ಹಿರಿಯೂರಿಗೆ ತಂದಾಗ ಮಾವ ಅದನ್ನು ಬಿಸಿಲಿಗೆ ನಿಲ್ಲಿಸಿ, ಬಾನೆಟ್ಟಿನ ಮೇಲೆ ಬಗ್ಗಿ, ಜೇಡರ ಬಲೆಯಂತೆ ಸುತ್ತುಸುತ್ತಾಗಿದ್ದ ಸಣ್ಣ ಗೀರುಗಳನ್ನು ನೋಡಿ ಹಣೆ ಚಚ್ಚಿಕೊಂಡರು.

"ಯಾರವ್ವ ತೊಳ್ದಿದ್ದು ಇದನ್ನ? ತೆಂಗಿನ ನಾರಲ್ಲಿ ತಿಕ್ಕಿದಾರೇನು? ಭಾನುವಾರ ತಗಂಡ್ ಬಾ. ಕಾರು ಬಿಟ್ಟು ಹೋಗ್ಬ್ಯಾಡ, ನೀನೂ ಇರು. ಒಂದು ದಿನದ ಕೆಲ್ಸ."

ಒಂದು ದಿನದ ಕೆಲಸ ನಾಲ್ಕು ಭಾನುವಾರ ನಡೆಯಿತು. ಒಂದು ಬಾಗಿಲಿಗೆ ಒಂದು ಭಾನುವಾರ! ಮಾವ ಅಂಗೈಯಗಲದ ಜಾಗಕ್ಕೆ ಮೆತ್ತಗಿನ ಕಪ್ಪು ಬಿಲ್ಲೆ ಹಿಡಿಯುತ್ತಾರೆ, ಒರೆಸುತ್ತಾರೆ, ದೂರ ನಿಂತು ನೋಡುತ್ತಾರೆ, ಮಾರಿಕಣಿವೆಯ ಕಾಲದ ಒಂದು ಕಥೆ ಹೇಳುತ್ತಾರೆ, ಮತ್ತೆ ಹಿಡಿಯುತ್ತಾರೆ. ಐದನೆಯ ಭಾನುವಾರ ಬಾನೆಟ್ಟಿನ ಸರದಿ. ನನಗೋ ಮನೆಯಲ್ಲಿ ಬಟ್ಟೆಯ ರಾಶಿ, ಸೋಮವಾರ ಬ್ಯಾಂಕಿನಲ್ಲಿ ತಪಾಸಣೆ. ಮಾವ ಚಾ ಮಾಡಲು ಒಳಗೆ ಹೋದದ್ದೇ ತಡ, ಕಪ್ಪು ಬಿಲ್ಲೆ ಕಿತ್ತು, ಗಟ್ಟಿಯ ಹಳದಿಯದನ್ನು ಅಂಟಿಸಿ, ಮಷೀನು ಒತ್ತಿ ಹಿಡಿದೆ. ಆಹಾ, ಏನು ವೇಗ! ಗೀರುಗಳು ಮಾಯ! ಬಾನೆಟ್ಟಿನ ಅಂಚಿಗೆ ಬರುವಷ್ಟರಲ್ಲಿ ಸುಟ್ಟ ವಾಸನೆ. ಮಷೀನು ಎತ್ತಿ ನೋಡಿದರೆ ಬೆರಳುದ್ದ ನೀಲಿ ಹೋಗಿ, ಅಡಿಯ ಬಿಳಿ ಇಣುಕುತ್ತಿತ್ತು.

ಮಾವ ಎರಡು ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಲೋಟಗಳನ್ನು ಮೆಟ್ಟಿಲ ಮೇಲಿಟ್ಟು ಬಂದು, ಆ ಜಾಗದ ಮೇಲೆ ಅಂಗೈ ಇಟ್ಟರು. ಅವರು ಸುಮ್ಮನಿದ್ದದ್ದಕ್ಕೇ ನನಗೆ ಸಿಟ್ಟು ಬಂತು.

"ಇನ್ನೇನ್ ಮಾಡ್ಲಿ ಮಾವ? ಐದು ಭಾನುವಾರ ಆಯ್ತು! ಇದ್ರಲ್ಲಾದ್ರೆ ಒಂದೇ ದಿನಕ್ಕೆ ಮುಗಿತಿತ್ತು. ನಿಮಗೆ ಗೊತ್ತಾಗಲ್ವಾ?"

"ಗೊತ್ತೈತೆ."

"ಗೊತ್ತಿದ್ದೂ ಯಾಕೆ ಎಳೆದಿದ್ದು?"

ಮಾವ ನನ್ನನ್ನು ನೋಡಲಿಲ್ಲ. ಹಳದಿ ಬಿಲ್ಲೆಯನ್ನು ಮಷೀನಿನಿಂದ ಬಿಡಿಸುತ್ತ, ಅದಕ್ಕೇ ಹೇಳುವಂತೆ ಹೇಳಿದರು. "ನಡುವಿಂದ್ರಲ್ಲಿ ಹಿಡಿದು, ಕೊನೀಗೆ ಮೆತ್ತಗಿಂದು ಹಾಕಿದ್ರೆ ಮೊದಲ್ನೇ ಭಾನುವಾರನೇ ಆಗೋಗದು. ಕಾರು ಹೊಳಿತಿತ್ತು. ನೀನೂ ಹೊಂಟೋಗ್ತಿದ್ದೆ. ಮುಂದ್ಲ ವಾರ ನಾನು ಏನಂತ ಕರೀಲವ್ವ ನಿನ್ನ?"

ಐದು ಭಾನುವಾರ ನಾನು ಗಂಟೆ ನೋಡಿಕೊಂಡಿದ್ದೆ. ಸಂಜೆ ಚಿತ್ರದುರ್ಗಕ್ಕೆ ಮರಳಿ ಕೋಣೆಯ ಬೀಗ ತೆಗೆದರೆ ಅಲ್ಲಿ ನನಗಾಗಿ ಕಾದಿರುತ್ತಿದ್ದುದು ಏನು? ಬೆಳಿಗ್ಗೆ ತೊಳೆಯದೆ ಬಿಟ್ಟು ಹೋದ ಒಂದು ತಟ್ಟೆ. ಅದಕ್ಕಾಗಿ ನಾನು ಹೆದ್ದಾರಿಯಲ್ಲಿ ಲಾರಿಗಳನ್ನು ಹಿಂದೆ ಹಾಕುತ್ತ ಓಡುತ್ತಿದ್ದೆ!

ಮೆಟ್ಟಿಲ ಮೇಲೆ ಕೂತು ತಣ್ಣಗಾಗುತ್ತಿದ್ದ ಚಾ ಕುಡಿದೆ. ಮಾವನೂ ಪಕ್ಕದಲ್ಲಿ ಬಂದು ಕೂತರು.

"ಇವತ್ತು ಇಲ್ಲೇ ಉಳೀತೀನಿ ಮಾವ. ಬೆಳಿಗ್ಗೆ ಎದ್ದು ಇಲ್ಲಿಂದಾನೇ ಬ್ಯಾಂಕಿಗೆ ಹೋಗ್ತೀನಿ" ಎಂದೆ.

ಅವರು ತಟ್ಟನೆ ಎದ್ದು ನಿಂತರು. ಒಳಗೆ ಹೋದರು, ಹೊರಗೆ ಬಂದರು, ಮತ್ತೆ ಒಳಗೆ ಹೋದರು. "ಇರಾದು ಒಂದೇ ಕಂಬಳಿ ಕಣವ್ವ. ಇಲ್ಲೇ ಪಕ್ಕದ ಮನ್ಯಾಗೆ ಇಸ್ಕಂಡ್ ಬರ್ತೀನಿ" ಎನ್ನುತ್ತ ಚಪ್ಪಲಿ ಹುಡುಕಿ, ಸಿಗದೆ, ಬರಿಗಾಲಲ್ಲೇ ಹೊರಟರು.

ಪಕ್ಕದ ಮನೆಯಾಕೆ ಕೇಳಿದ ಕೂಡಲೇ ಕಂಬಳಿ ಕೊಟ್ಟದ್ದು ಮೆಟ್ಟಿಲ ಮೇಲಿದ್ದ ನನಗೆ ಕಾಣಿಸಿತು. ಮಾವ ಅದನ್ನು ಹೆಗಲಿಗೆ ಹಾಕಿಕೊಂಡು ಮನೆಗೆ ತಿರುಗಲಿಲ್ಲ. ಎದುರು ಮನೆಯ ಬಾಗಿಲು ತಟ್ಟಿದರು. ಆಮೇಲೆ ಅದರಾಚೆಯ ಮನೆಯದನ್ನು. ಓಣಿಯ ಕೊನೆಯ ಮನೆಯಿಂದಲೂ ಅವರ ದನಿ ನನಗೆ ಸ್ಪಷ್ಟವಾಗಿ ಕೇಳುತ್ತಿತ್ತು.

"ಕಂಬಳಿ ಐತೆ ಬಿಡ್ರಿ, ಅದಕ್ಕಲ್ಲ ಬಂದಿದ್ದು. ನಮ್ಮಕ್ಕನ ಮಗಳು ಬಂದವ್ಳೆ. ಇವತ್ತು ನಮ್ಮನ್ಯಾಗೇ ಇರ್ತಾಳೆ."