ಮಾವನ ರಾಜಿಗೆ ಎರಡು ಪ್ಲೇಟು ಮಂಡಕ್ಕಿ

ಧರ್ಮಪುರ ದಾಟಿ ಆಂಧ್ರಕ್ಕೆ ಹೊರಟ ಲಾರಿಯನ್ನು ಚೆಕ್‌ಪೋಸ್ಟಿನವರು ತಡೆದು ಕಾಗದಪತ್ರ ಕೇಳುತ್ತಾರಲ್ಲ, ನಮ್ಮ ಸೋದರಮಾವ ಮಾತುಗಳನ್ನು ಹಾಗೆ ತಡೆಯುತ್ತಾನೆ. ಅವನೆದುರು ನೀವು ‘ಅರ್ಜಿ ಕೊಟ್ಟು ಬಂದೆ’ ಅಂದಿರೋ, ಸಿಕ್ಕಿಬಿದ್ದಿರಿ.

“ನಿಂತ್ಕ. ಅರ್ಜಿ ಅನ್ನೋದು ಯಾವೂರ್ದು ಗೊತ್ತೇನು? ಅರಬ್ಬರ ಊರಲ್ಲಿ ಹುಟ್ಟಿ, ಪಾರಸಿಯರ ಮನೇಲಿ ಉಂಡು, ಡೆಲ್ಲೀಲಿ ಮಲಗಿ ಎದ್ದು ನಮ್ಮ ಹಿರಿಯೂರಿಗೆ ಬಂದೈತೆ.”

ಅದು ಬಂದ ದೂರ ಕೇಳಿಯೇ ಸುಸ್ತಾಗಿ ನೀವು ಬಂದ ಕೆಲಸ ಮರೆತಿರುತ್ತೀರಿ.

ತಾಲ್ಲೂಕು ಕಚೇರಿಯ ಎದುರು ಬೇವಿನ ಮರದಡಿ ಮೇಜು ಹಾಕಿಕೊಂಡು ಅರ್ಜಿ, ಕರಾರುಪತ್ರ ಬರೆಯುವುದು ಮಾವನ ಕಸುಬು. ಉರ್ದು ಶಾಲೆಯಿಂದ ನಿವೃತ್ತರಾದ ಮೇಷ್ಟ್ರೊಬ್ಬರು ದಿನಾ ಸಂಜೆ ಬಂದು ಅಲ್ಲಿ ಕೂರುತ್ತಾರೆ. ಒಂದು ಚಹಾಕ್ಕೆ ಒಂದು ಶಬ್ದ, ಇದು ಅವರಿಬ್ಬರ ವ್ಯವಹಾರ. ನಾನಾಗಿದ್ದರೆ ಒಂದು ಚಹಾಕ್ಕೆ ಎರಡು ಶಬ್ದವಾದರೂ ಕೇಳುತ್ತಿದ್ದೆ. ಮಾವನಿಗೆ ಚೌಕಾಸಿ ಬರುವುದಿಲ್ಲ.

ನನಗೆ ಬರುತ್ತದೆ. ಹಳೇ ಟ್ರ್ಯಾಕ್ಟರು ಕೊಂಡು ಮಾರುವುದು ನನ್ನ ದಂಧೆ. ಬರಿಗೈಯಲ್ಲಿ ಶುರು ಮಾಡಿ ಶೆಡ್ಡು ಕಟ್ಟಿದವನು ನಾನು, ಹಾಗಾಗಿ ಒಂದು ಬುದ್ಧಿಮಾತು ಹೇಳುವ ಹಕ್ಕು ನನಗಿದೆ. ಹಳೇ ಟ್ರ್ಯಾಕ್ಟರು ಕೊಳ್ಳುವಾಗ ಇಂಜಿನ್ ಆಮೇಲೆ ನೋಡಿ, ಮೊದಲು ಮಾರುವವನ ಹೆಂಡತಿಯ ಮುಖ ನೋಡಿ. ಅವಳು ನಗುತ್ತಿದ್ದರೆ ಗೇರ್‌ಬಾಕ್ಸ್ ಹೋಗಿದೆ ಅಂತಲೇ ಲೆಕ್ಕ. ಅವಳ ಕಣ್ಣು ತುಂಬಿದ್ದರೆ ಕಣ್ಣು ಮುಚ್ಚಿಕೊಂಡು ಕೊಳ್ಳಬಹುದು.

ಮಾವನೂ ಮುಖ ನೋಡುವವನೇ. ಆದರೆ ಅವನ ನೋಟವೇ ಬೇರೆ.

ಮೇಷ್ಟ್ರಿಂದ ಅವನು ಕೊಂಡ ಶಬ್ದಗಳಲ್ಲೆಲ್ಲ ಅವನ ತಲೆ ಕೆಡಿಸಿದ್ದು ‘ರಾಜಿ’. ನೀವು ನಾನು ರಾಜಿ ಅಂದರೆ ಏನು ತಿಳಿಯುತ್ತೇವೆ? ಜಗಳ ಸಾಕಾಗಿ ಒಬ್ಬ ಅಷ್ಟು, ಇನ್ನೊಬ್ಬ ಇಷ್ಟು ಬಿಟ್ಟುಕೊಡುವುದು. ಮಾವ ಇದನ್ನು ಒಪ್ಪುವುದಿಲ್ಲ.

“ಅರಬ್ಬರ ಬಾಯಲ್ಲಿ ಅದು ‘ರಾದಿ’. ಅಂದ್ರೆ ಮನಸು ತುಂಬಿದೋನು. ಪಾರಸಿಯರು ‘ರಾಝಿ’ ಅಂದ್ರು, ಅವರಿಗೂ ಅದೇ ಅರ್ಥ. ಪಂಜಾಬಿನ ಕಡೆ ‘ರಾಜಿ ಇದೀಯಾ’ ಅಂತ ಕೇಳಿದ್ರೆ ಆರೋಗ್ಯವಾಗಿದೀಯಾ ಅಂತ. ಉರ್ದುನಾಗೆ ಒಪ್ಪಿಕಂಡೋನು. ಅಲ್ಲೀವರೆಗೂ ಚೆನ್ನಾಗೇ ಬಂತು ಕಣಪ್ಪ. ನಮ್ಮ ಕಚೇರಿ ಮೆಟ್ಲು ಹತ್ತಿದ ಮೇಲೆ ನೋಡು ಅದರ ಮುಖ ಬಾಡಿದ್ದು.”

ಕರಾರುಪತ್ರಗಳಲ್ಲಿ ‘ನನ್ನ ರಾಜಿಖುಷಿಯಿಂದ ಬರೆದುಕೊಟ್ಟಿರುತ್ತೇನೆ’ ಅಂತ ಒಂದು ಸಾಲಿರುತ್ತದೆ. ಬೇರೆ ಬರಹಗಾರರು ಅದನ್ನು ನಿದ್ದೆಯಲ್ಲೂ ಬರೆದಾರು. ಮಾವ ಮಾತ್ರ ಆ ಸಾಲು ಬಂದ ಕೂಡಲೇ ಪೆನ್ನಿನ ಮುಚ್ಚಳ ಹಾಕಿ, ಎದುರಿನ ಅಂಗಡಿಗೆ ಕೂಗಿ ಎರಡು ಪ್ಲೇಟು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತರಿಸುತ್ತಾನೆ. ಇಬ್ಬರು ಕಕ್ಷಿದಾರರಿಗೆ ಎರಡು ಪ್ಲೇಟು. ಮೂರನೆಯದನ್ನು ಅವನು ಯಾವತ್ತೂ ತರಿಸಿದವನಲ್ಲ. ಜಿಪುಣತನ ಅಂತ ನಾನು ಆಡಿಕೊಳ್ಳುತ್ತಿದ್ದೆ. ಇಬ್ಬರೂ ಖಾಲಿ ಮಾಡಿದರೆ ಆ ಸಾಲು ಹಾಳೆಗೆ ಬಿತ್ತು. ಯಾರಾದರೂ ಬೆರಳಲ್ಲಿ ಕೆದಕುತ್ತಾ ಕೂತರೆ ಪತ್ರವಿಲ್ಲ!

ಒಮ್ಮೆ ಭರಮಸಾಗರದ ಕಡೆಯವರಿಬ್ಬರು ಕಾಲುದಾರಿಯ ವ್ಯಾಜ್ಯ ಮುಗಿಸಿಕೊಳ್ಳಲು ಅವನನ್ನೇ ಹುಡುಕಿಕೊಂಡು ಅಷ್ಟು ದೂರದಿಂದ ಬಂದಿದ್ದರು. ಅವರಲ್ಲೊಬ್ಬ ಮಂಡಕ್ಕಿ ಮುಟ್ಟಲಿಲ್ಲ.

“ಸ್ವಾಮಿ, ನಂಗೆ ಖುಷಿ ಐತೆ, ಬರ್ಕಳ್ರಿ,” ಅಂದ.

“ಖುಷಿ ಇದ್ರೆ ತಿನ್ರಿ.”

“ಹಲ್ಲು ನೋಯ್ತೈತ್ರಿ.”

“ಹಲ್ಲು ವಾಸಿ ಮಾಡ್ಕಂಡು ಬರ್ರಿ, ಆಮೇಲೆ ಬರೆಯಾಣ.”

ಆತ ನಿಜವಾಗಿಯೂ ಹಲ್ಲು ಕೀಳಿಸಿಕೊಂಡು ಬಂದು, ಎರಡನೇ ಸಲ ಒಂದು ಕಾಳೂ ಬಿಡದೆ ತಿಂದನಂತೆ. ಮೊದಲ ಸಲವೂ ಅವನು ಹೇಳಿದ್ದು ನಿಜವೇ ಆಗಿತ್ತು. ಇದನ್ನು ಎತ್ತಿ ಆಡಿದರೆ ಮಾವ, “ಅದೊಂದು ತಪ್ಪಿತು, ಹೋಗಲಿ ಬಿಡು,” ಅಂತ ಮಾತು ತಿರುಗಿಸುತ್ತಾನೆ.

ಈ ಮೇಜಿನ ಮುಂದೆ ನಾನೇ ಒಂದು ದಿನ ಕೂರಬೇಕಾಗುತ್ತದೆ ಅಂತ ಯಾರಿಗೆ ಗೊತ್ತಿತ್ತು?

ನನಗೊಬ್ಬ ತಮ್ಮನಿದ್ದಾನೆ. ಹೊಲ ಪಾಲಾದಾಗ ಧರ್ಮಪುರದ ನಮ್ಮ ಹುಣಸೆಮರ ಇಬ್ಬರ ನಡುವಿನ ಬದುವಿನ ಮೇಲೆ ನಿಂತುಬಿಟ್ಟಿತು. ಮರ ನನ್ನದು ಅಂತ ನಾನು, ನನ್ನದು ಅಂತ ಅವನು. ಎರಡು ವರ್ಷ ಮಾತಿಲ್ಲ. ಕಡೆಗೆ ನಾನೇ ಅವನ ಮನೆಗೆ ಹೋದೆ. ಮರ ನನಗೆ ಬರೆದುಕೊಡು ಅನ್ನುವುದಕ್ಕೆ ಹನ್ನೆರಡು ಪಾಯಿಂಟು ಸಿದ್ಧ ಮಾಡಿಕೊಂಡಿದ್ದೆ. ಎರಡನೆಯದು ಮುಗಿಯುವಷ್ಟರಲ್ಲಿ ಅವನು “ಆಯ್ತಣ್ಣ, ನೀನೇ ಇಟ್ಕ” ಅಂದ. ಉಳಿದ ಹತ್ತು ಪಾಯಿಂಟು ನನ್ನಲ್ಲೇ ಉಳಿದವು. ಚೌಕಾಸಿ ಮಾಡುವವನಿಗೆ ಇದಕ್ಕಿಂತ ದೊಡ್ಡ ಹಿಂಸೆ ಇನ್ನೊಂದಿಲ್ಲ.

ಅವನು ಮನಸ್ಸು ಬದಲಿಸುವ ಮೊದಲೇ ಪತ್ರವಾಗಲಿ ಅಂತ ಮರುದಿನವೇ ಮಾವನ ಹತ್ತಿರ ಕರೆತಂದೆ. “ಬರ್ರಪ್ಪ, ಕುಂತ್ಕಳಿ,” ಅಂದ ಮಾವ, ಹುಣಸೆಹಣ್ಣನ್ನೂ ಅರಬ್ಬರು ‘ಹಿಂದ್ ದೇಶದ ಖರ್ಜೂರ’ ಅಂತ ಕರೆದ ಕಥೆ ಹೇಳುತ್ತಲೇ ಪತ್ರ ಬರೆದ. ಆ ಸಾಲು ಬಂತು. ಮುಚ್ಚಳ ಹಾಕಿದ. ಎರಡು ಪ್ಲೇಟು ಬಂದವು.

ನಾನು ತಮ್ಮನ ಕೈಯನ್ನೇ ನೋಡುತ್ತಿದ್ದೆ. ಅವನು ಮೆಣಸಿನಕಾಯಿ ಕಚ್ಚಿ ಕಚ್ಚಿ, ಈರುಳ್ಳಿಯ ಸಮೇತ ತಟ್ಟೆ ಖಾಲಿ ಮಾಡಿ, ಕೈ ಕೊಡವಿಕೊಂಡ. ಗೆದ್ದೆ ಅಂದುಕೊಂಡೆ.

“ಬರಿ ಮಾವ.”

“ಹೆಂಗಪ್ಪ ಬರೀಲಿ? ಇವ್ನಿಗೆ ರಾಜಿ ಐತೆ. ನಿಂಗಿಲ್ಲ,” ಅಂದ ಮಾವ.

ನೋಡಿಕೊಂಡರೆ ನನ್ನ ಪ್ಲೇಟು ಬಂದ ಹಾಗೇ ಇತ್ತು. ನನ್ನ ಬೆರಳು ಕೆದಕುತ್ತಿತ್ತು.

“ಲೇ, ಅಷ್ಟು ಸಲೀಸಾಗಿ ಯಾಕೆ ಕೊಟ್ಟೆ?” ಅಂತ ತಮ್ಮನನ್ನು ಕೇಳಿದೆ.

“ಎರಡು ವರ್ಷ ಆತು ನೀನು ನನ್ನ ಮಾತಾಡ್ಸಿ. ಮರ ಕೊಟ್ರೆ ಮಾತಾಡ್ಸ್ತೀಯಲ್ಲ, ಅದಕ್ಕೆ. ನಂಗೇನು ಬ್ಯಾಸರ ಇಲ್ಲಣ್ಣ.”

ಉಳಿದ ಹತ್ತು ಪಾಯಿಂಟನ್ನು ಅಲ್ಲೇ ಬಿಟ್ಟೆ. ಮರ ಇಬ್ಬರದು, ಹಣ್ಣು ಅರ್ಧರ್ಧ ಅಂತ ಹೊಸದಾಗಿ ಬರಿ ಅಂದೆ. ಮಾವ ಹೊಸ ಹಾಳೆ ತೆಗೆದ. ಆದರೆ ಬರೆಯಲಿಲ್ಲ. ನನ್ನ ಪ್ಲೇಟನ್ನೇ ನೋಡುತ್ತಾ ಕೂತ.

“ನಿಮ್ಮವ್ವನ ಹಕ್ಕು ಬಿಡುಗಡೆ ಪತ್ರ ಬರೆದೋನು ನಾನೇ ಕಣ್ರೋ,” ಅಂದ ಆಮೇಲೆ. “ತವರಿನ ಜಮೀನು ಬ್ಯಾಡ ಅಂತ ಅಕ್ಕ ಹೆಬ್ಬೆಟ್ಟು ಒತ್ತಿದ್ಲು. ರಾಜಿಖುಷಿಯಿಂದ ಅಂತ ನನ್ನ ಕೈಯಾರೆ ಬರೆದೆ. ಆಮೇಲೆ ಇಲ್ಲೇ ಮಂಡಕ್ಕಿ ಕೊಡಿಸ್ದೆ. ಒಂದು ಕಾಳು ಬಾಯಿಗೆ ಹಾಕ್ಕಳಲಿಲ್ಲ. ಸೆರಗಿಗೆ ಕಟ್ಕಂಡು ಹೋದ್ಲು. ಹುಡುಗರಿಗೆ ಅಂದ್ಲು. ಹಂಗೇ ಇರಬೇಕು ಅಂತ ನಾನೂ ಸುಮ್ನಾದೆ. ಈ ಶಬ್ದದ ಅರ್ಥ ಮೇಷ್ಟ್ರು ಹೇಳೋ ಹೊತ್ತಿಗೆ ಅಕ್ಕನೇ ಇರಲಿಲ್ಲ.”

ತಮ್ಮ ನನ್ನನ್ನು ನೋಡಿದ. ಆ ಮಂಡಕ್ಕಿ ನಮ್ಮಿಬ್ಬರಿಗೂ ನೆನಪಿತ್ತು. ಅವ್ವ ಬಸ್ಸಿಳಿದು ಜಗುಲಿಯ ಮೇಲೆ ಸೆರಗು ಬಿಚ್ಚಿದ್ದಳು. ಇದ್ದ ಒಂದೇ ಮೆಣಸಿನಕಾಯಿಗೆ ನಾವಿಬ್ಬರೂ ಕಿತ್ತಾಡಿದ್ದೆವು.

ನಾನು ಎದುರಿನ ಅಂಗಡಿಗೆ ಕೂಗಿ, ಮಾವ ಯಾವತ್ತೂ ತರಿಸದ ಆ ಮೂರನೇ ಪ್ಲೇಟು ಹೇಳಿದೆ. ಅದು ಬಂದಾಗ ಮಾವನ ಮುಂದೆ ತಳ್ಳಿದೆ.

“ನಂಗ್ಯಾಕೋ?” ಅಂದ.

“ನೀನು ತಿಂದ್ರೆ ನಾನು ಸಹಿ ಹಾಕ್ತೀನಿ. ಇಲ್ಲಾಂದ್ರೆ ಇಲ್ಲ.”

“ಇದ್ಯಾವ ಚೌಕಾಸಿಯೋ?”

“ಕಡೇ ರೇಟು ಮಾವ. ಇದರ ಮೇಲೆ ಮಾತಿಲ್ಲ.”

ಮಾವ ಪ್ಲೇಟನ್ನು ಹತ್ತಿರಕ್ಕೆ ಎಳೆದುಕೊಂಡ. ಆಮೇಲೆ ಪೆನ್ನನ್ನು ಜೇಬಿಗೆ ಸಿಕ್ಕಿಸಿ, ಒಂದು ಹಿಡಿ ಮಂಡಕ್ಕಿ ಬಾಯಿಗೆ ಹಾಕಿಕೊಂಡ. ತಮ್ಮ ನನ್ನ ಪ್ಲೇಟಿನ ಮೆಣಸಿನಕಾಯಿಯನ್ನು ಎರಡು ಮಾಡಿ, ದೊಡ್ಡ ತುಂಡನ್ನು ನನ್ನ ಕಡೆಗೆ ಸರಿಸಿದ. ನಾನೂ ತಿನ್ನತೊಡಗಿದೆ.