ಬೆಳ್ಳಪ್ಪ ಹಿಡಿದ ಕ್ಯಾಚು

ಬೆಳ್ಳಪ್ಪನ ಫಜೀತಿಗೆಲ್ಲ ಕಾರಣ ಅವನ ಕೃತಜ್ಞತೆ. ಬೇರೆ ಯಾರಾದರೂ ಆಗಿದ್ದರೆ, ಜಿಲ್ಲಾ ಕ್ರಿಕೆಟ್ ತಂಡದ ಆಯ್ಕೆಯ ದಿನ ಸದ್ದಿಲ್ಲದೆ ಬಸ್ಸು ಹತ್ತುತ್ತಿದ್ದರು. ಇವನು ತನಗೆ ಉಪಕಾರ ಮಾಡಿದವರನ್ನೆಲ್ಲ ಆಟ ನೋಡಲು ತೀರ್ಥಹಳ್ಳಿಗೆ ಕರೆದ.

ಅವನ ಊರು ಅರಳಸುರಳಿಯಲ್ಲಿ ಉಪಕಾರಿಗಳಿಗೆ ಬರವಿರಲಿಲ್ಲ. ಪಕ್ಕದ ಮನೆಯ ವೆಂಕಮ್ಮ ಅವನ ಮೊದಲ ಗುರು. ನೆಲಕ್ಕೆ ಬಿದ್ದ ಅಪ್ಪೆಮಿಡಿ ಒಂದು ಸೇರಿದರೂ ಇಡೀ ಜಾಡಿ ಉಪ್ಪಿನಕಾಯಿ ಕೆಡುತ್ತದೆಂದು, ಚಿಕ್ಕವನಿದ್ದಾಗಲೇ ಅವನನ್ನು ಮಾವಿನ ಮರದಡಿ ನಿಲ್ಲಿಸಿ ಉದುರಿದ್ದನ್ನೆಲ್ಲ ಹಿಡಿಸಿದವಳು. ಅದನ್ನು ಕಂಡ ಡ್ರಿಲ್ ಮೇಷ್ಟ್ರು ನಾರಾಯಣಮೂರ್ತಿ ಅವನನ್ನು ಶಾಲೆಯ ತಂಡಕ್ಕೆ ಎಳೆದು ಬೌಂಡರಿ ಗೆರೆಯ ಮೇಲೆ ನಿಲ್ಲಿಸಿದರು. ಅಲ್ಲಿಂದ ತಾಲ್ಲೂಕು ತಂಡ. ಈಗ, ಅರವತ್ತಾರನೇ ಇಸವಿಯ ಆ ಭಾನುವಾರ, ಜಿಲ್ಲಾ ತಂಡದ ಹೊಸ್ತಿಲು. ದರ್ಜಿ ಮಂಜುನಾಥಪ್ಪ ಪುಕ್ಕಟೆಯಾಗಿ ಬಿಳಿ ಪ್ಯಾಂಟು ಹೊಲಿದುಕೊಟ್ಟಿದ್ದ. ತಾಯಿ ಹೂವಮ್ಮ ಮಗನ ಆಟವನ್ನು ಒಮ್ಮೆಯೂ ನೋಡಿರಲಿಲ್ಲ, ಅವಳೂ ಬಂದಳು.

ಎಲ್ಲರೂ ಅವನ ಬೆನ್ನ ಹಿಂದೆಯೇ ಗೆರೆಯಾಚೆ ಚಾಪೆ ಹಾಸಿ ಕೂತರು. ಆಯ್ಕೆ ಮಾಡಲು ಶಿವಮೊಗ್ಗದಿಂದ ಬಂದ ಉಮಾಮಹೇಶ್ವರಯ್ಯನವರಿಗೆ ಆಚೆ ಬದಿಯಲ್ಲಿ ಕುರ್ಚಿ.

ಮೊದಲ ಚೆಂಡು ಉರುಳುತ್ತ ಬಂತು. ಬೆಳ್ಳಪ್ಪ ಬಗ್ಗುವಷ್ಟರಲ್ಲಿ ಮಂಜುನಾಥಪ್ಪನ ಸ್ವರ ಕೇಳಿಸಿತು. “ಪೂರ್ತಿ ಬಗ್ಬೇಡ ಮಾರಾಯ, ಅಲ್ಲಿ ಕಚ್ಚಾ ಹೊಲಿಗೆ ಅದೆ.”

ಪುಕ್ಕಟೆ ಹೊಲಿದವನ ಮಾತು ಮೀರುವುದು ಹೇಗೆ? ಅರ್ಧ ಬಗ್ಗಿದ. ಚೆಂಡು ಕಾಲುಗಳ ನಡುವೆ ನುಸುಳಿ ಗೆರೆ ದಾಟಿತು. ಎರಡನೆಯದಕ್ಕೆ ಮೇಷ್ಟ್ರು ಬಲಕ್ಕೆ ಓಡು ಎಂದರು, ವೆಂಕಮ್ಮ ಎಡಕ್ಕೆ ಎಂದಳು. ಇಬ್ಬರೂ ಗುರುಗಳೇ. ಯಾರ ಮನಸ್ಸನ್ನೂ ನೋಯಿಸದೆ ಬೆಳ್ಳಪ್ಪ ನಡುವೆ ನಿಂತ. ಚೆಂಡು ಹೋಗಿ ವೆಂಕಮ್ಮನ ಕಡುಬಿನ ಪಾತ್ರೆಗೆ ಬಿತ್ತು. ಉಮಾಮಹೇಶ್ವರಯ್ಯ ಬಸ್ಸಿನ ಹೊತ್ತು ವಿಚಾರಿಸತೊಡಗಿದರು.

ಮೂರನೆಯದು ಮುಗಿಲಿಗೇ ಹೋಯಿತು. ಇದು ತಪ್ಪಿದರೆ ತನ್ನ ಆಟ ಮುಗಿದಂತೆ ಎಂದು ಬೆಳ್ಳಪ್ಪನಿಗೆ ಗೊತ್ತಿತ್ತು. ಈ ಸಲ ಯಾರ ಮಾತೂ ಕಿವಿಗೆ ಹಾಕಿಕೊಳ್ಳದೆ ಓಡಿದ. ಪ್ಯಾಂಟು ಪರ್ರೆಂದಿತು. ನಿಲ್ಲಲಿಲ್ಲ. ಮೂಗಿನ ನೇರಕ್ಕೆ ಬಂದ ಚೆಂಡನ್ನು ಅಪ್ಪೆಮಿಡಿ ಹಿಡಿದಷ್ಟೇ ಮೆತ್ತಗೆ ಹಿಡಿದ.

ಆಟ ಮುಗಿದ ಮೇಲೆ ಉಮಾಮಹೇಶ್ವರಯ್ಯನವರೇ ನಡೆದು ಬಂದು, ಮುಂದಿನ ಭಾನುವಾರ ಶಿವಮೊಗ್ಗಕ್ಕೆ ಬಾ, ಗೆರೆ ಕಾಯಲು ನೀನೇ ಸರಿ ಎಂದರು.  ಬೆಳ್ಳಪ್ಪ ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡು ಒಬ್ಬೊಬ್ಬರ ಕಾಲಿಗೂ ಬಿದ್ದ. ಕಡೆಗೆ ತಾಯಿಯ ಕಾಲಿಗೆ ಬಿದ್ದರೆ ಅವಳು ಅಳುತ್ತಿದ್ದಳು.

“ಎಂತ ಆತವ್ವ?”

“ಬನದ ಚೌಡಮ್ಮ ಕಾಪಾಡಿದ್ಲು ಕಣಾ. ಆ ಕಲ್ಲಂಥದ್ದು ನಿನ್ನ ಮಖಕ್ಕೇ ಬರ್ತಿತ್ತು. ಮಗನ ಮೂಗು ಉಳಿಸು ತಾಯಿ, ಇನ್ಮೇಲೆ ಇವ್ನ ಕೈಲಿ ಚೆಂಡು ಮುಟ್ಸಲ್ಲ ಅಂತ ಹರಕೆ ಹೇಳ್ಕಂಡೆ.”

ಹಿಡಿದದ್ದು ತಾನು, ಚೌಡಮ್ಮನಲ್ಲ ಎಂದು ಬೆಳ್ಳಪ್ಪ ಹೇಳಿ ನೋಡಿದ. ತಪ್ಪುಕಾಣಿಕೆ ಹಾಕಿದರಾಗದೇ ಎಂದರು ಮೇಷ್ಟ್ರು. ಅದು ಮರೆತವರಿಗೆ, ಬೇಕೆಂದೇ ಮುರಿಯುವವರಿಗಲ್ಲ ಎಂದು ವೆಂಕಮ್ಮ ತೀರ್ಪು ಕೊಟ್ಟಳು. ತಾಯಿ ಇನ್ನೂ ಅವನ ಮೂಗನ್ನೇ ಸವರುತ್ತಿದ್ದಳು. ಬೆಳ್ಳಪ್ಪನಿಗೆ ಸಿಟ್ಟು ಬರಲಿಲ್ಲ. ತನಗಾಗಿ ಇಷ್ಟು ಹೆದರುವ ಜೀವ ಇನ್ನೊಂದಿಲ್ಲವಲ್ಲ ಅನ್ನಿಸಿತು.

ಚೌಡಿಯ ಹೆಸರು ಕೇಳಿ ಉಮಾಮಹೇಶ್ವರಯ್ಯನವರೂ ಟೊಪ್ಪಿ ತೆಗೆದರು. ಆದರೂ ಹುಡುಗನನ್ನು ಬಿಡಲು ಅವರಿಗೆ ಮನಸ್ಸಿಲ್ಲ. ಹರಕೆ ಚೆಂಡಿಗೆ ಮಾತ್ರ ತಾನೇ ಎಂದು ಹೂವಮ್ಮನನ್ನು ಕೇಳಿ ಖಚಿತ ಮಾಡಿಕೊಂಡರು.

ಮುಂದಿನ ಭಾನುವಾರ ಊರಿಗೆ ಊರೇ ಬಂದು ಬೆಳ್ಳಪ್ಪನನ್ನು ಬಸ್ಸು ಹತ್ತಿಸಿತು. ಅರಳಸುರಳಿಯಿಂದ ಜಿಲ್ಲಾ ತಂಡದ ಜೊತೆ ಹೋದವನು ಅವನೇ ಮೊದಲಿಗ. ಶಿವಮೊಗ್ಗದಲ್ಲಿ ಅವನು ಹನ್ನೊಂದು ಆಟಗಾರರ ಹಿಂದೆ ಮೈದಾನಕ್ಕಿಳಿದ. ಅಪ್ಪಿತಪ್ಪಿಯೂ ಚೆಂಡು ಮುಟ್ಟದ ಹಾಗೆ ಅವನ ಎರಡು ಕೈಯಲ್ಲೂ ಕುಡಿಯುವ ನೀರಿನ ಬಕೆಟ್ಟು ಕೊಟ್ಟಿದ್ದರು.